ಕಾವಿನ ಲೆಕ್ಕ: ಮೂರೂವರೆ ಡಿಗ್ರಿಯಲ್ಲಿ ಭ್ರೂಣದ ವಯಸ್ಸು ಬದಲಾಗುವುದು ಹೇಗೆ

ಒಂದೇ ಜೋಡಿ ಜೀಬ್ರಾ ಮೀನು ಒಂದೇ ಬೆಳಗಿನಲ್ಲಿ ಇಟ್ಟ ಮೊಟ್ಟೆಗಳನ್ನು ಎರಡು ಪಾಲು ಮಾಡಿ, ಒಂದನ್ನು 28.5 ಡಿಗ್ರಿ ಸೆಲ್ಸಿಯಸ್‌ನ ಇನ್‌ಕ್ಯುಬೇಟರಿನಲ್ಲಿಯೂ ಇನ್ನೊಂದನ್ನು 25 ಡಿಗ್ರಿಯಲ್ಲಿಯೂ ಇಟ್ಟು, ಮರುದಿನ ಅದೇ ಹೊತ್ತಿಗೆ ಎರಡೂ ತಟ್ಟೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ತಂದರೆ, ಅವು ಒಡಹುಟ್ಟಿದವು ಎಂದು ನಂಬುವುದು ಕಷ್ಟ. ಮೊದಲ ತಟ್ಟೆಯ ಭ್ರೂಣಗಳಲ್ಲಿ ಹೃದಯ ಮಿಡಿಯತೊಡಗಿರುತ್ತದೆ, ಬೆನ್ನಿನುದ್ದಕ್ಕೂ ಸುಮಾರು 30 ಜೋಡಿ ಸ್ನಾಯುಖಂಡಗಳು ಮೂಡಿರುತ್ತವೆ, ಕಣ್ಣಿನಲ್ಲಿ ಕಪ್ಪು ಬಣ್ಣದ ಮೊದಲ ಛಾಯೆ ಕಾಣುತ್ತಿರುತ್ತದೆ. ಎರಡನೆಯ ತಟ್ಟೆಯವುಗಳಲ್ಲಿ ಖಂಡಗಳ ಎಣಿಕೆ 20ರ ಆಸುಪಾಸಿನಲ್ಲಿಯೇ ನಿಂತಿರುತ್ತದೆ, ಹೃದಯ ಇನ್ನೂ ಮಿಡಿದಿರುವುದಿಲ್ಲ. ಗೋಡೆಯ ಗಡಿಯಾರದ ಪ್ರಕಾರ ಎರಡಕ್ಕೂ 24 ಗಂಟೆ ತುಂಬಿದೆ. ಭ್ರೂಣದ ಗಡಿಯಾರದ ಪ್ರಕಾರ ಎರಡನೆಯದಕ್ಕೆ ಆಗಿರುವುದು 19 ಗಂಟೆ ಮಾತ್ರ. ಈ ಎರಡು ಗಡಿಯಾರಗಳ ನಡುವಿನ ವ್ಯತ್ಯಾಸ ಎಲ್ಲಿಂದ ಬಂತು, ಅದು ಎಲ್ಲಿಯವರೆಗೆ ನಿರಪಾಯ, ಎಲ್ಲಿಂದ ಅಪಾಯ ಎಂಬುದೇ ಈ ಲೇಖನದ ವಿಷಯ.

ಕನ್ನಡದಲ್ಲಿ 'ಕಾವು' ಎಂಬ ಒಂದೇ ಮಾತು ಬಿಸಿಗೂ ಸಲ್ಲುತ್ತದೆ, ಕೋಳಿ ಮೊಟ್ಟೆಯ ಮೇಲೆ ಕೂರುವುದಕ್ಕೂ ಸಲ್ಲುತ್ತದೆ. ಕಾವಿಗೆ ಕೂತ ಕೋಳಿ ಮೊಟ್ಟೆಗೆ ಕೊಡುವುದು ಆಹಾರವನ್ನಲ್ಲ, ಅದು ಹಳದಿಯಲ್ಲಿಯೇ ಇದೆ. ಕೊಡುವುದು ಮುಖ್ಯವಾಗಿ ಬಿಸಿಯನ್ನು. ಕಾವು ತಾಗುವ ಮುನ್ನ ಇಟ್ಟ ಮೊಟ್ಟೆಯನ್ನು ತಂಪಾದ ಜಾಗದಲ್ಲಿ ಕೆಲವು ದಿನ ಇಟ್ಟರೂ ಭ್ರೂಣ ಸಾಯದೆ ಸುಮ್ಮನೆ ಕಾಯುತ್ತದೆ, ಕಾವು ತಾಗಿದಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಹಳ್ಳಿಯಲ್ಲಿ ಹತ್ತು ಹನ್ನೆರಡು ದಿನಗಳಲ್ಲಿ ಒಂದೊಂದಾಗಿ ಕೂಡಿಸಿದ ಮೊಟ್ಟೆಗಳನ್ನು ಒಟ್ಟಿಗೆ ಕಾವಿಗಿಟ್ಟರೂ ಮರಿಗಳು ಹೆಚ್ಚು ಕಡಿಮೆ ಒಟ್ಟಿಗೇ 21ನೆಯ ದಿನ ಹೊರಬರುವುದು ಇದೇ ಕಾರಣಕ್ಕೆ. ಪ್ರಯೋಗಾಲಯದ ಇನ್‌ಕ್ಯುಬೇಟರ್ ಆ ಕೋಳಿಯ ಕೆಲಸವನ್ನೇ ಮಾಡುತ್ತದೆ. ಆದರೆ ಕೋಳಿಯ ಮೊಟ್ಟೆಯೊಳಗೆ ನಡೆಯುವುದನ್ನು ನೋಡಬೇಕಾದರೆ ಚಿಪ್ಪು ಒಡೆಯಬೇಕು. ತಾಪಮಾನದ ಪರಿಣಾಮವನ್ನು ನಿಮಿಷ ನಿಮಿಷಕ್ಕೆ ಅಳೆಯಲು ಪಾರದರ್ಶಕವಾದ, ತಾಯಿಯ ಒಡಲ ಹೊರಗೆ ಬೆಳೆಯುವ ಭ್ರೂಣ ಬೇಕು. ಜೀಬ್ರಾ ಮೀನಿನ ಭ್ರೂಣ ಅಂಥದ್ದು.

ಇದು ನಮ್ಮ ಉಪಖಂಡದ್ದೇ ಮೀನು. ಇದನ್ನು ಮೊದಲು ವಿವರಿಸಿ ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಮತ್ತು ಕನ್ನಡ ಜಿಲ್ಲೆಗಳನ್ನು ಸುತ್ತಿ ಇಲ್ಲಿನ ಬೆಳೆ, ಕಸುಬು, ಜನರ ಬಗ್ಗೆ ದಾಖಲೆ ಬರೆದ ಅದೇ ಬುಕಾನನ್. ನಂತರ ಹ್ಯಾಮಿಲ್ಟನ್ ಎಂಬ ಹೆಸರು ತಳೆದ ಆತ ಗಂಗಾನದಿಯ ಮೀನುಗಳ ಕುರಿತು 1822ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಪಟ್ಟೆಪಟ್ಟೆಯ ಪುಟ್ಟ ಮೀನು ಸೇರಿದೆ. ಅಕ್ವೇರಿಯಂ ಮೀನಾಗಿ ಜಗತ್ತು ಸುತ್ತಿದ ಇದನ್ನು ಪ್ರಯೋಗಾಲಯದ ಪ್ರಾಣಿಯಾಗಿ ನೆಲೆಗೊಳಿಸಿದವರು ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್. ಈಗ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಸೇರಿದಂತೆ ನೂರಾರು ಕಡೆ ಇದು ಸಾಕುಮೀನು, ಮತ್ತು ಬಹುಮಟ್ಟಿಗೆ ಎಲ್ಲೆಡೆಯೂ ಭ್ರೂಣಗಳನ್ನು ಇಡುವುದು ಅದೇ 28.5 ಡಿಗ್ರಿಯಲ್ಲಿ. ಈ ಅಂಕಿಯಲ್ಲಿ ಪವಾಡವೇನೂ ಇಲ್ಲ. ಮೀನು ಆರೋಗ್ಯವಾಗಿರುವ, ಭ್ರೂಣ ಚುರುಕಾಗಿಯೂ ಕ್ರಮವಾಗಿಯೂ ಬೆಳೆಯುವ ಒಂದು ತಾಪಮಾನವನ್ನು ಎಲ್ಲರೂ ಒಪ್ಪಿಕೊಂಡರೆ ಒಬ್ಬರ ಫಲಿತಾಂಶವನ್ನು ಇನ್ನೊಬ್ಬರು ಹೋಲಿಸಿ ನೋಡಬಹುದು ಎಂಬುದಷ್ಟೇ ಅದರ ಹಿಂದಿನ ವಿವೇಕ.

28.5 ಡಿಗ್ರಿಯಲ್ಲಿ ವೇಳಾಪಟ್ಟಿ ಹೀಗಿರುತ್ತದೆ. ಫಲಿತಗೊಂಡ ಮೊಟ್ಟೆಯ ವ್ಯಾಸ ಸುಮಾರು 0.7 ಮಿಲಿಮೀಟರ್. ಮುಕ್ಕಾಲು ಗಂಟೆಯಲ್ಲಿ ಅದು ಎರಡು ಕೋಶವಾಗುತ್ತದೆ. ಅಲ್ಲಿಂದ ಮುಂದೆ ಸುಮಾರು 15 ನಿಮಿಷಕ್ಕೊಮ್ಮೆ ಎಲ್ಲ ಕೋಶಗಳೂ ಒಟ್ಟಿಗೆ, ತಾಳ ಹಾಕಿದಂತೆ, ಎರಡಾಗುತ್ತ ಹೋಗುತ್ತವೆ. ಮೂರು ಗಂಟೆಯ ಹೊತ್ತಿಗೆ ಕೋಶಗಳು ಸಾವಿರದ ಹತ್ತಿರ ಬಂದಾಗ ತಾಳ ತಪ್ಪುತ್ತದೆ, ವಿಭಜನೆ ನಿಧಾನವಾಗುತ್ತದೆ, ಮತ್ತು ಅದುವರೆಗೆ ತಾಯಿ ಮೊಟ್ಟೆಯಲ್ಲಿ ತುಂಬಿಟ್ಟ ಪ್ರೋಟೀನು ಹಾಗೂ ಆರ್‌ಎನ್‌ಎಯ ದಾಸ್ತಾನಿನ ಮೇಲೆ ನಡೆಯುತ್ತಿದ್ದ ಭ್ರೂಣ ತನ್ನ ಸ್ವಂತ ಜೀನ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಓದತೊಡಗುತ್ತದೆ. ಐದೂಕಾಲು ಗಂಟೆಯಿಂದ ಹತ್ತು ಗಂಟೆಯವರೆಗೆ ಕೋಶಗಳ ಮಹಾ ವಲಸೆ ನಡೆದು ತಲೆ ಯಾವುದು, ಬಾಲ ಯಾವುದು, ಬೆನ್ನು ಯಾವುದು ಎಂಬುದು ರೂಪುಗೊಳ್ಳುತ್ತದೆ. ಹತ್ತರಿಂದ 24 ಗಂಟೆಯವರೆಗೆ ಬೆನ್ನಿನ ಎರಡೂ ಬದಿಯಲ್ಲಿ ಸೋಮೈಟ್ ಎಂಬ ಖಂಡಗಳು ಮುಂದಿನಿಂದ ಹಿಂದಕ್ಕೆ ಗಂಟೆಗೆ ಎರಡು ಮೂರು ಜೋಡಿಯಂತೆ ಬೇರ್ಪಡುತ್ತವೆ. 48ರಿಂದ 72 ಗಂಟೆಯೊಳಗೆ ಮರಿ ಪೊರೆ ಹರಿದು ಹೊರಬರುತ್ತದೆ. ಒರೆಗಾನ್‌ನಲ್ಲಿಯೇ ಚಾರ್ಲ್ಸ್ ಕಿಮೆಲ್ ಮತ್ತು ಸಂಗಡಿಗರು 1995ರಲ್ಲಿ ಚಿತ್ರಸಹಿತ ಪ್ರಕಟಿಸಿದ ಈ ಹಂತಗಳ ವಿವರಣೆ ಇಂದಿಗೂ ಈ ಕ್ಷೇತ್ರದ ಪಂಚಾಂಗ.

ಅದೇ ಬರಹದಲ್ಲಿ ತಾಪಮಾನಕ್ಕೊಂದು ಸರಳ ಸೂತ್ರವೂ ಇದೆ. ಇನ್‌ಕ್ಯುಬೇಟರಿನ ತಾಪಮಾನವನ್ನು 0.055ರಿಂದ ಗುಣಿಸಿ, ಬಂದದ್ದರಿಂದ 0.57 ಕಳೆಯಬೇಕು, ಉಳಿದ ಸಂಖ್ಯೆ ಬೆಳವಣಿಗೆಯ ಸಾಪೇಕ್ಷ ವೇಗ. 28.5 ಡಿಗ್ರಿಗೆ ಇದು ಹೆಚ್ಚು ಕಡಿಮೆ 1 ಬರುತ್ತದೆ, ಬರಲೇಬೇಕು. 25 ಡಿಗ್ರಿಗೆ 0.805, 32 ಡಿಗ್ರಿಗೆ 1.19. ಅಂದರೆ 24 ಗಂಟೆಯ ಹಂತವನ್ನು ತಲುಪಲು 25 ಡಿಗ್ರಿಯಲ್ಲಿ ಸುಮಾರು 30 ಗಂಟೆ ಬೇಕು, 32 ಡಿಗ್ರಿಯಲ್ಲಿ 20 ಗಂಟೆ ಸಾಕು. ಬೇಸಾಯದ ವಿಜ್ಞಾನ ತಿಳಿದವರಿಗೆ ಇದು ಹೊಸದೇನಲ್ಲ: ಬೆಳೆ ಮಾಗುವ ದಿನ, ಕೀಟ ಮರಿಯಾಗುವ ದಿನವನ್ನು ಲೆಕ್ಕ ಹಾಕಲು ಬಳಸುವ 'ಡಿಗ್ರಿ-ದಿನ'ದ ಲೆಕ್ಕವೇ ಇಲ್ಲಿ ಗಂಟೆಯ ಅಳತೆಗೆ ಇಳಿದಿದೆ. ಸೂತ್ರವನ್ನು ಹಾಗೆಯೇ ಕೆಳಕ್ಕೆ ಎಳೆದರೆ 10.4 ಡಿಗ್ರಿಯಲ್ಲಿ ವೇಗ ಸೊನ್ನೆಯಾಗುತ್ತದೆ, ಭ್ರೂಣ ಅಲ್ಲಿ ಹಾಯಾಗಿ ಮಲಗಿರಬೇಕು ಎಂದು ಕಾಗದ ಹೇಳುತ್ತದೆ. ಭ್ರೂಣ ಕಾಗದವನ್ನು ಓದಿಲ್ಲ. ಅಷ್ಟು ತಂಪಿನಲ್ಲಿ ಅದು ನಿದ್ರಿಸುವುದಿಲ್ಲ, ಕೆಡುತ್ತದೆ. ಸೂತ್ರ ನಂಬಬಹುದಾದ ವ್ಯಾಪ್ತಿ ಸುಮಾರು 25ರಿಂದ 33 ಡಿಗ್ರಿ. ಅದರ ಎರಡೂ ಬದಿಯಲ್ಲಿ ಹೆಚ್ಚು ಹೊತ್ತು ಇಟ್ಟರೆ ವಿಕಾರಗಳು ಕಾಣಿಸಿಕೊಳ್ಳಬಹುದು ಎಂದು ಅದನ್ನು ಬರೆದವರೇ ಎಚ್ಚರಿಸಿದ್ದಾರೆ.

ಬಿಸಿ ಹೆಚ್ಚಿದಂತೆ ಬೆಳವಣಿಗೆ ವೇಗವಾಗುವುದರಲ್ಲಿ ಆಶ್ಚರ್ಯವೇನಿದೆ ಎಂದು ಕೇಳಬಹುದು. ರಾಸಾಯನಿಕ ಕ್ರಿಯೆಗಳೆಲ್ಲವೂ ಹಾಗೆಯೇ. ಜೀವಕೋಶದೊಳಗಿನ ಬಹುತೇಕ ಕ್ರಿಯೆಗಳು ಪ್ರತಿ 10 ಡಿಗ್ರಿಗೆ ಎರಡರಿಂದ ಮೂರು ಪಟ್ಟು ಚುರುಕಾಗುತ್ತವೆ. ಆದರೆ ಆಶ್ಚರ್ಯ ಇರುವುದು ಈ 'ಎರಡರಿಂದ ಮೂರು' ಎಂಬ ಮಾತಿನಲ್ಲಿಯೇ. ಭ್ರೂಣದೊಳಗೆ ಸಾವಿರಾರು ಕಿಣ್ವಗಳಿವೆ. ಒಂದರ ವೇಗ ಎರಡು ಪಟ್ಟಾದಾಗ ಇನ್ನೊಂದರದು ಮೂರು ಪಟ್ಟಾದರೆ, ಡಿಎನ್‌ಎ ಪ್ರತಿ ತೆಗೆಯುವ ಕೆಲಸ ಮುಗಿಯುವ ಮೊದಲೇ ಕೋಶ ಒಡೆಯಬಹುದು, ಸಂಕೇತ ಕಳಿಸುವ ಪ್ರೋಟೀನು ತಯಾರಾಗುವ ವೇಗಕ್ಕೂ ನಾಶವಾಗುವ ವೇಗಕ್ಕೂ ತಾಳೆಯಾಗದೆ ಹೋಗಬಹುದು. ಮದುವೆಮನೆಯ ಅಡುಗೆಯಲ್ಲಿ ಎಲ್ಲ ಒಲೆಗಳ ಉರಿಯನ್ನೂ ಒಟ್ಟಿಗೆ ಹೆಚ್ಚಿಸಿದರೆ ಅನ್ನ, ಸಾರು, ಪಾಯಸ ಎಲ್ಲವೂ ಅದೇ ಪ್ರಮಾಣದಲ್ಲಿ ಬೇಗ ಆಗಿ ಪಂಕ್ತಿಯ ಹೊತ್ತಿಗೆ ಸರಿಯಾಗಿ ಇಳಿಯುವುದಿಲ್ಲ. ಒಂದು ಬೇಯುವಷ್ಟರಲ್ಲಿ ಇನ್ನೊಂದು ತಳ ಹಿಡಿದಿರುತ್ತದೆ. ಭ್ರೂಣದ ಅಡುಗೆಮನೆಯಲ್ಲಿ ಮಾತ್ರ, ಒಂದು ಮಿತಿಯೊಳಗೆ, ಎಲ್ಲವೂ ಒಟ್ಟಿಗೆ ಇಳಿಯುತ್ತದೆ.

ಇದನ್ನು ಹಣ್ಣುನೊಣದಲ್ಲಿ ಸ್ಪಷ್ಟವಾಗಿ ಅಳೆದಿದ್ದಾರೆ. ಹಣ್ಣುನೊಣದ ಭ್ರೂಣ 25 ಡಿಗ್ರಿಯಲ್ಲಿ ಸುಮಾರು ಒಂದು ದಿನದಲ್ಲಿ ಮರಿಹುಳುವಾಗುತ್ತದೆ, 18 ಡಿಗ್ರಿಯಲ್ಲಿ ಅದಕ್ಕೆ ಸುಮಾರು ಎರಡರಷ್ಟು ಕಾಲ ಬೇಕು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಸ್ಟೀವನ್ ಕುಂಟ್ಜ್ ಮತ್ತು ಮೈಕಲ್ ಐಸೆನ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಬೇರೆ ಹವಾಮಾನದಲ್ಲಿ ಬದುಕುವ 11 ಪ್ರಭೇದದ ನೊಣಗಳ ಭ್ರೂಣಗಳನ್ನು 17.5ರಿಂದ 32.5 ಡಿಗ್ರಿಯವರೆಗೆ ಬೆಳೆಸಿ ಚಿತ್ರೀಕರಿಸಿದರು. ಒಟ್ಟು ಅವಧಿ ಬಹಳ ಬದಲಾಯಿತು. ಆದರೆ ಒಟ್ಟು ಅವಧಿಯ ಎಷ್ಟನೆಯ ಪಾಲಿಗೆ ಯಾವ ಹಂತ ಬರುತ್ತದೆ ಎಂಬುದು ಹೆಚ್ಚೂ ಕಡಿಮೆ ಬದಲಾಗಲಿಲ್ಲ. ರಬ್ಬರಿನ ಅಳತೆಪಟ್ಟಿಯನ್ನು ಎಳೆದಾಗ ಎಲ್ಲ ಗೀಟುಗಳೂ ಒಂದೇ ಅನುಪಾತದಲ್ಲಿ ದೂರ ಸರಿಯುವಂತೆ ಇಡೀ ಬೆಳವಣಿಗೆ ಹಿಗ್ಗುತ್ತದೆ, ಕುಗ್ಗುತ್ತದೆ.

ಇದಕ್ಕಿಂತ ಚಮತ್ಕಾರದ ಪ್ರಯೋಗವೊಂದು 2005ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದಿಂದ ಬಂತು. ಕಿರಿದಾದ ಕಾಲುವೆಯಲ್ಲಿ ಎರಡು ಬೇರೆ ತಾಪಮಾನದ ನೀರನ್ನು ಬೆರೆಯದಂತೆ ಪಕ್ಕಪಕ್ಕದಲ್ಲಿ ಹರಿಯಬಿಟ್ಟು, ಅಡ್ಡಲಾಗಿ ಒಂದು ನೊಣದ ಭ್ರೂಣವನ್ನು ಇಟ್ಟರು: ತಲೆಯ ಅರ್ಧ ಒಂದು ತಾಪಮಾನದಲ್ಲಿ, ಬಾಲದ ಅರ್ಧ ಇನ್ನೊಂದರಲ್ಲಿ, ನಡುವೆ ಏಳು ಡಿಗ್ರಿಯ ಅಂತರ. ಬೆಚ್ಚಗಿನ ಅರ್ಧದಲ್ಲಿ ಕೋಶಕೇಂದ್ರಗಳು ಮುಂದೆ ಓಡಿ ಹೆಚ್ಚು ಬಾರಿ ವಿಭಜನೆಗೊಂಡವು, ತಂಪಿನ ಅರ್ಧ ಹಿಂದುಳಿಯಿತು. ಹಾಗಿದ್ದೂ ದೇಹದ ಖಂಡಗಳನ್ನು ಗುರುತಿಸುವ ಜೀನಿನ ಪಟ್ಟೆಗಳು ಇರಬೇಕಾದ ಜಾಗದಲ್ಲಿಯೇ ಮೂಡಿದವು. ಒಂದೇ ದೇಹದ ಎರಡು ಅರ್ಧಗಳಿಗೆ ಎರಡು ವಯಸ್ಸಾದರೂ ನಕ್ಷೆ ಕದಲಲಿಲ್ಲ ಎಂಬುದು ನನಗೆ ಇಂದಿಗೂ ಈ ವಿಷಯದ ಅತ್ಯಂತ ಬೆರಗಿನ ಸಂಗತಿ. ಭ್ರೂಣ ತಾಪಮಾನಕ್ಕೆ ಸುಮ್ಮನೆ ತಲೆಬಾಗುತ್ತಿಲ್ಲ, ಅದನ್ನು ಸರಿದೂಗಿಸುತ್ತಿದೆ.

ಜೀಬ್ರಾ ಮೀನಿನ ಸೋಮೈಟ್‌ಗಳಲ್ಲಿಯೂ ಇಂಥದ್ದೇ ಸರಿದೂಗಿಕೆ ಕಾಣುತ್ತದೆ, ಅಲ್ಲಿ ಕಾರಣವನ್ನು ಇನ್ನಷ್ಟು ಹತ್ತಿರದಿಂದ ನೋಡಬಹುದು. ಬಾಲದ ತುದಿಯ ಕೋಶಗಳಲ್ಲಿ ಕೆಲವು ಜೀನ್‌ಗಳು ನಿಯತವಾಗಿ ಹೊತ್ತಿ ಆರುತ್ತಿರುತ್ತವೆ, ಇದು ಲೋಲಕ. ಇನ್ನೊಂದೆಡೆ ಪಕ್ವತೆಯ ಗಡಿಯೊಂದು ಮುಂದಿನಿಂದ ಬಾಲದ ಕಡೆಗೆ ಸರಿಯುತ್ತಿರುತ್ತದೆ. ಲೋಲಕದ ಒಂದು ಸುತ್ತಿನಲ್ಲಿ ಗಡಿ ಎಷ್ಟು ದೂರ ಸರಿಯಿತೋ ಅಷ್ಟು ಉದ್ದದ ಒಂದು ಸೋಮೈಟ್ ತುಂಡಾಗುತ್ತದೆ. ತಂಪಿನಲ್ಲಿ ಲೋಲಕ ನಿಧಾನವಾಗುತ್ತದೆ. ಗಡಿ ಮಾತ್ರ ಮೊದಲಿನ ವೇಗದಲ್ಲಿಯೇ ಸರಿದಿದ್ದರೆ ಖಂಡಗಳು ಉದ್ದವಾಗಿ, ಎಣಿಕೆಯಲ್ಲಿ ಕಡಿಮೆಯಾಗಬೇಕಿತ್ತು. ಆದರೆ 20ರಿಂದ 30 ಡಿಗ್ರಿಯವರೆಗೆ ಬೆಳೆಸಿ ಅಳೆದಾಗ ಖಂಡಗಳ ಉದ್ದವೂ ಒಟ್ಟು ಸಂಖ್ಯೆಯೂ ಗಮನಾರ್ಹವಾಗಿ ಬದಲಾಗಲಿಲ್ಲ. ಲೋಲಕ ಎಷ್ಟು ನಿಧಾನವಾಯಿತೋ ಗಡಿಯೂ ಅಷ್ಟೇ ನಿಧಾನವಾಯಿತು.

ಹಾಗಾದರೆ ತಾಪಮಾನದಿಂದ ಕೆಡುವುದು ಯಾವಾಗ? ಹೆಜ್ಜೆಗಳು ಒಂದನ್ನೊಂದು ಬಿಟ್ಟು ಹೋದಾಗ. ಇದನ್ನು ಸ್ಟ್ರೈಸಿಂಗರ್ ಬೇಕೆಂದೇ ಮಾಡಿ ತೋರಿಸಿದರು. ತಾಯಿಯ ವರ್ಣತಂತುಗಳನ್ನು ಮಾತ್ರ ಹೊತ್ತ ಮೀನುಗಳನ್ನು ಪಡೆಯುವುದು ಅವರ ಉದ್ದೇಶವಾಗಿತ್ತು. ನೇರಳಾತೀತ ಕಿರಣದಿಂದ ಡಿಎನ್‌ಎ ನಾಶಮಾಡಿದ ವೀರ್ಯದಿಂದ ಮೊಟ್ಟೆಯನ್ನು ಎಚ್ಚರಿಸಿ, ಸುಮಾರು 13 ನಿಮಿಷದ ನಂತರ ಅದನ್ನು 41.4 ಡಿಗ್ರಿಯ ನೀರಿನಲ್ಲಿ ಬರೀ ಎರಡು ನಿಮಿಷ ಮುಳುಗಿಸಿ ತೆಗೆದರು. ಆ ಎರಡು ನಿಮಿಷದ ಬಿಸಿಗೆ ಮೊದಲ ವಿಭಜನೆಯೊಂದು ತಪ್ಪಿಹೋಗುತ್ತದೆ, ಆದರೆ ಡಿಎನ್‌ಎ ಇಮ್ಮಡಿಯಾಗುವುದು ನಿಲ್ಲುವುದಿಲ್ಲ. ಫಲವಾಗಿ ಒಂದೇ ಪ್ರತಿ ವರ್ಣತಂತು ಇದ್ದ ಕೋಶದಲ್ಲಿ ಎರಡು ಪ್ರತಿ ಉಳಿದು, ಭ್ರೂಣ ಮುಂದಕ್ಕೆ ಬೆಳೆಯುತ್ತದೆ. 1981ರಲ್ಲಿ ಅವರು ಪ್ರಕಟಿಸಿದ ತದ್ರೂಪಿ ಮೀನುಗಳ ಹಿಂದೆ ಈ ಬಿಸಿನೀರಿನ ಉಪಾಯವಿತ್ತು. ಬಹುಪಾಲು ಮೊಟ್ಟೆಗಳು ಇದರಲ್ಲಿ ಸಾಯುತ್ತವೆ ಎಂಬುದನ್ನೂ ಹೇಳಬೇಕು. ಒಟ್ಟಿಗೆ ನಡೆಯಬೇಕಾದ ಎರಡು ಕೆಲಸಗಳಲ್ಲಿ ಬಿಸಿ ಒಂದನ್ನು ಮಾತ್ರ ಹಿಡಿದು ನಿಲ್ಲಿಸಿತು. ಹೆಚ್ಚು ಬಿಸಿಯ ಅಪಾಯದ ಸಾರವೂ ಇಷ್ಟೇ.

ತಂಪಿನ ಹೊಡೆತ ಬೀಳುವುದು ಮುಖ್ಯವಾಗಿ ಸೂಕ್ಷ್ಮನಾಳಿಕೆಗಳ ಮೇಲೆ. ಕೋಶದೊಳಗಿನ ಈ ಸಪೂರ ಪ್ರೋಟೀನು ಕೊಳವೆಗಳು ಸದಾ ಕಟ್ಟಿಕೊಳ್ಳುತ್ತ ಕಳಚಿಕೊಳ್ಳುತ್ತ ಇರುತ್ತವೆ, ತಂಪಾದರೆ ಕಳಚಿಕೊಳ್ಳುವುದೇ ಹೆಚ್ಚಾಗುತ್ತದೆ. ಜೀಬ್ರಾ ಮೀನಿನ ಮೊಟ್ಟೆ ಎರಡು ಕೋಶವಾಗುವ ಮೊದಲೇ, ಬೆನ್ನಿನ ಬದಿಯನ್ನು ನಿರ್ಧರಿಸುವ ತಾಯಿಯ ದ್ರವ್ಯವೊಂದು ಮೊಟ್ಟೆಯ ಕೆಳತುದಿಯಿಂದ ಈ ಕೊಳವೆಗಳ ಹಳಿಯ ಮೇಲೆ ಒಂದು ಬದಿಗೆ ಸಾಗಬೇಕು. ಆ ಅರ್ಧ ಗಂಟೆಯಲ್ಲಿ ಮೊಟ್ಟೆಯನ್ನು ತಂಪು ಮಾಡಿದರೆ ಹಳಿ ಕಳಚುತ್ತದೆ, ದ್ರವ್ಯ ತಲುಪುವುದಿಲ್ಲ. ವಿಭಜನೆ ನಂತರ ಎಂದಿನಂತೆ ನಡೆದು ನೋಡುವವರಿಗೆ ಏನೂ ಆಗಿಲ್ಲವೆನಿಸಿದರೂ, ಅಂಥ ಕೆಲವು ಭ್ರೂಣಗಳಲ್ಲಿ ಬೆನ್ನೂ ತಲೆಯೂ ಸರಿಯಾಗಿ ಮೂಡುವುದೇ ಇಲ್ಲ. ಇದೇ ತಂಪನ್ನು ಮರುದಿನ ಕೊಟ್ಟರೆ ಬೆಳವಣಿಗೆ ನಿಧಾನವಾಗುತ್ತದೆ, ಅಷ್ಟೆ. ಆದ್ದರಿಂದ ಭ್ರೂಣಕ್ಕೆ ಎಷ್ಟು ಡಿಗ್ರಿ ತಡೆಯುತ್ತದೆ ಎಂಬ ಪ್ರಶ್ನೆಗೆ ಯಾವ ಗಳಿಗೆಯಲ್ಲಿ ಎಂದು ಮರುಪ್ರಶ್ನೆ ಹಾಕದೆ ಉತ್ತರ ಕೊಡಲಾಗುವುದಿಲ್ಲ. ಮೊದಲ ಗಂಟೆಗಳು ಎರಡು ಕಾರಣಕ್ಕೆ ನಾಜೂಕು: ಇಡೀ ದೇಹದ ಹಣೆಬರಹ ಆಗ ಬೆರಳೆಣಿಕೆಯ ಕೋಶಗಳಲ್ಲಿದೆ, ಮತ್ತು ತನ್ನ ಜೀನ್‌ಗಳನ್ನೇ ಇನ್ನೂ ಓದಲಾರದ ಭ್ರೂಣ, ಬಿಸಿಗೆ ಮುರುಟಿಕೊಂಡ ಪ್ರೋಟೀನುಗಳನ್ನು ಸರಿಪಡಿಸುವ ರಕ್ಷಕ ಪ್ರೋಟೀನುಗಳನ್ನು ಬೇಕೆಂದಾಗ ಹೊಸದಾಗಿ ತಯಾರಿಸಿಕೊಳ್ಳಲಾರದು, ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲಿ ಇದ್ದಷ್ಟೇ ಗತಿ.

ಹಸುವಿನ ಭ್ರೂಣದಲ್ಲಿಯೂ ಇದೇ ನಾಜೂಕು ಕಂಡಿದೆ. ಫ್ಲಾರಿಡಾ ವಿಶ್ವವಿದ್ಯಾಲಯದವರು 1993ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಸು ಬೆದೆಗೆ ಬಂದ ಮರುದಿನ ಬೇಗೆಗೆ ಒಡ್ಡಿಕೊಂಡರೆ ಭ್ರೂಣಗಳ ಬೆಳವಣಿಗೆ ಕುಗ್ಗುತ್ತದೆ, ಮೂರನೆಯ ದಿನದಿಂದ ಮುಂದೆ ಅದೇ ಬೇಗೆ ಅಷ್ಟು ಕೆಡುಕು ಮಾಡುವುದಿಲ್ಲ. ಹಸುವಿನ ಮೈಬಿಸಿ 38.5 ಡಿಗ್ರಿಯ ಸುತ್ತ ಇರುವುದರಿಂದ ತಟ್ಟೆಯಲ್ಲಿ ಅದರ ಭ್ರೂಣವನ್ನು ಬೆಳೆಸುವುದೂ 38.5ರಿಂದ 39 ಡಿಗ್ರಿಯಲ್ಲಿ. ಎರಡು ಡಿಗ್ರಿ ಹೆಚ್ಚಾಗಿ 41 ಮುಟ್ಟಿದರೆ ಎರಡು ಕೋಶದ ಭ್ರೂಣಗಳಲ್ಲಿ ಮುಂದೆ ಬೆಳೆಯುವವು ಕಡಿಮೆಯಾಗುತ್ತವೆ. ಮೀನಿಗೆ ಎಂಟು ಡಿಗ್ರಿಯ ಅಂಗಳವಿದ್ದರೆ ಇಲ್ಲಿ ಇರುವುದು ಒಂದು ಜಗಲಿ. ಹೊಳೆಯ ನೀರು ಹಗಲು ಇರುಳು ಬಿಸಿಯಾಗಿ ತಂಪಾಗುವಾಗ ಅದರಲ್ಲಿಯೇ ಬೆಳೆಯಬೇಕಾದ ಜೀವಕ್ಕೂ, ತಾಯಿಯ ಸ್ಥಿರ ಮೈಬಿಸಿಯಲ್ಲಿ ಬೆಳೆಯುವ ಜೀವಕ್ಕೂ ಇರುವ ವ್ಯತ್ಯಾಸ ಇದು.

ಮನುಷ್ಯರ ಭ್ರೂಣಕ್ಕೆ 1978ರಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ ಕಾಲದಿಂದಲೂ 37 ಡಿಗ್ರಿಯೇ ರೂಢಿ. ಅಂಡಾಶಯದಲ್ಲಿ ಅಂಡವನ್ನು ಹೊತ್ತ ಪುಟ್ಟ ಚೀಲಗಳಾದ ಪಕ್ವ ಕೋಶಿಕೆಗಳು ಸುತ್ತಲಿನ ಅಂಗಾಂಶಕ್ಕಿಂತ ತುಸು ತಂಪು ಎಂಬ ಅಳತೆಗಳನ್ನು ಆಧರಿಸಿ ಸ್ವಲ್ಪ ಕಡಿಮೆ ಬಿಸಿ ಒಳ್ಳೆಯದೇ ಎಂದು ಕೆಲವರು ಕೇಳಿದರು. ಒಬ್ಬರೇ ಮಹಿಳೆಯ ಅಂಡಗಳನ್ನು ಎರಡು ಪಾಲು ಮಾಡಿ 36 ಮತ್ತು 37 ಡಿಗ್ರಿಯಲ್ಲಿ ಬೆಳೆಸಿ ಹೋಲಿಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 36ರಿಂದ ಲಾಭವೇನೂ ಕಾಣಲಿಲ್ಲ; ಬಳಸಲು ಯೋಗ್ಯವಾದ ಬ್ಲಾಸ್ಟೊಸಿಸ್ಟ್‌ಗಳು, ಅಂದರೆ ಐದಾರು ದಿನ ಬೆಳೆದ ಭ್ರೂಣಗಳು, 37ರಲ್ಲಿಯೇ ಹೆಚ್ಚು ಸಿಕ್ಕವು. ಆದರೆ ಇನ್‌ಕ್ಯುಬೇಟರಿನ ಒಳಗಿನ ಒಂದು ಡಿಗ್ರಿಗಿಂತ ಹೊರಗಿನ ಕೆಲವು ನಿಮಿಷಗಳೇ ಹೆಚ್ಚು ಚಿಂತೆಯ ವಿಷಯ. ಮನುಷ್ಯರ ಅಂಡದಲ್ಲಿ ವರ್ಣತಂತುಗಳನ್ನು ಹಿಡಿದು ನಿಲ್ಲಿಸುವ ಕದಿರು ಕಟ್ಟಿರುವುದು ಅದೇ ಸೂಕ್ಷ್ಮನಾಳಿಕೆಗಳಿಂದ. ಅಂಡ ಕೊಠಡಿಯ ತಾಪಮಾನಕ್ಕೆ ಇಳಿದರೆ ಕದಿರು ಕೆಲವೇ ನಿಮಿಷದಲ್ಲಿ ಕುಸಿಯಬಹುದು, ಮತ್ತೆ 37ಕ್ಕೆ ತಂದರೂ ಎಲ್ಲ ಅಂಡಗಳಲ್ಲಿ ಅದು ಮೊದಲಿನಂತೆ ಕಟ್ಟಿಕೊಳ್ಳುವುದಿಲ್ಲ ಎಂಬುದು 1990ರಲ್ಲಿಯೇ ಗೊತ್ತಾಗಿತ್ತು. ಭ್ರೂಣ ಇರುವುದು ಒಂದು ಹನಿಯಲ್ಲಿ. ಹನಿ ತಣಿಯಲು ಹೊತ್ತು ಬೇಕಿಲ್ಲ. ಅದಕ್ಕೇ ಈ ಪ್ರಯೋಗಾಲಯಗಳಲ್ಲಿ ಸೂಕ್ಷ್ಮದರ್ಶಕದ ಮೇಜೂ ಬಿಸಿ, ತಟ್ಟೆ ಇಡುವ ಲೋಹದ ಹಲಗೆಯೂ ಬಿಸಿ, ಹನಿಯ ಮೇಲೆ ಎಣ್ಣೆಯ ಹೊದಿಕೆ. ಬಾಗಿಲು ತೆರೆದಾಗ ಬಿಸಿಯ ಜೊತೆಗೆ ಇಂಗಾಲದ ಡೈಆಕ್ಸೈಡ್ ಕೂಡ ಹೊರಹೋಗಿ ದ್ರವದ ಆಮ್ಲೀಯತೆಯ ಸಮತೋಲ ತಪ್ಪುವುದರಿಂದ, ದೊಡ್ಡ ಬೀರುವಿನಂಥ ಇನ್‌ಕ್ಯುಬೇಟರಿನ ಬದಲು ಬೇಗ ಚೇತರಿಸಿಕೊಳ್ಳುವ ಚಿಕ್ಕ ಮೇಜಿನ ಪೆಟ್ಟಿಗೆಗಳು ಹಲವೆಡೆ ಬಂದಿವೆ.

ಮೀನಿನ ಪ್ರಯೋಗಾಲಯದಲ್ಲಿ ಇಷ್ಟು ಆತಂಕ ಬೇಕಿಲ್ಲ, ಆದರೆ ಅಲ್ಲಿಯೂ ಇನ್‌ಕ್ಯುಬೇಟರಿನ ಕೆಂಪು ಅಂಕಿಯನ್ನು ನಂಬಿ ಕೆಟ್ಟ ಪ್ರಯೋಗಗಳು ಕಡಿಮೆಯಲ್ಲ. ಆ ಅಂಕಿ ಸಂವೇದಕ ಇರುವ ಜಾಗದ ಗಾಳಿಯದು; ಭ್ರೂಣ ಇರುವುದು ಬಾಗಿಲ ಬಳಿಯ ತಟ್ಟೆಯ ನೀರಿನಲ್ಲಿ. ಏಸಿ ಹಾಕಿದ ಕೋಣೆಯಲ್ಲಿ ತಟ್ಟೆಯನ್ನು ಒಂದು ಗಂಟೆ ಹೊರಗಿಟ್ಟು ಕೆಟ್ಟ ಮೊಟ್ಟೆಗಳನ್ನು ಆರಿಸಿದರೆ ಆ ಒಂದು ಗಂಟೆ ಭ್ರೂಣದ ಲೆಕ್ಕದಲ್ಲಿ ಒಂದು ಗಂಟೆಯಾಗಿ ಉಳಿಯುವುದಿಲ್ಲ. ಒಂದೇ ತಟ್ಟೆಯಲ್ಲಿ ನೂರಾರು ಮೊಟ್ಟೆ ತುಂಬಿದರೆ, ತಾಪಮಾನ ಸರಿಯಿದ್ದರೂ, ಆಮ್ಲಜನಕದ ಕೊರತೆಯಿಂದ ಬೆಳವಣಿಗೆ ಹಿಂದೆ ಬೀಳುತ್ತದೆ, ತಂಪಿನಿಂದ ಹಿಂದೆ ಬಿದ್ದಂತೆಯೇ ಕಾಣುತ್ತದೆ. ಔಷಧವೊಂದನ್ನು ಬೆರೆಸಿದ ತಟ್ಟೆಯ ಭ್ರೂಣಗಳು ಚಿಕ್ಕದಾಗಿ ಕಂಡಾಗ ಅದು ಔಷಧದ ಪರಿಣಾಮವೋ ಇಂಥ ಹಿಂದುಳಿಕೆಯೋ ಎಂದು ತೀರ್ಮಾನಿಸಬೇಕಾದರೆ, ಜೊತೆಗೆ ಔಷಧವಿಲ್ಲದ ತಟ್ಟೆಯೊಂದು ಅದೇ ಅರೆಯಲ್ಲಿ, ಅಷ್ಟೇ ಮೊಟ್ಟೆಗಳೊಂದಿಗೆ ಇದ್ದಿರಬೇಕು.

ಪಳಗಿದವರು ಇದೇ ಗುಣವನ್ನು ಅನುಕೂಲಕ್ಕೂ ಬಳಸುತ್ತಾರೆ. ಜೀಬ್ರಾ ಮೀನು ಮೊಟ್ಟೆಯಿಡುವುದು ಬೆಳಕು ಹರಿದಾಗ. ಹಾಗಾಗಿ 18 ಗಂಟೆಯ ಹಂತ ಬರುವುದು ಮಧ್ಯರಾತ್ರಿ ಕಳೆದ ಮೇಲೆ. ಕೋಶಗಳ ಮಹಾ ವಲಸೆ ಮುಗಿಯುವವರೆಗೆ 28.5ರಲ್ಲಿ ಇಟ್ಟು, ಸಂಜೆ 25 ಡಿಗ್ರಿಗೆ ಅಥವಾ ಇನ್ನೂ ತುಸು ಕೆಳಕ್ಕೆ ವರ್ಗಾಯಿಸಿದರೆ, ಅದೇ ಹಂತವನ್ನು ನಿದ್ದೆಗೆಡದೆ ಬೆಳಗಿನ ಹೊತ್ತಿಗೆ ಹತ್ತಿರ ತರಬಹುದು. ಆದರೆ ಹೀಗೆ ಎರಡು ತಾಪಮಾನ ಕಂಡ ಭ್ರೂಣದ ವಯಸ್ಸನ್ನು ಗಂಟೆಯಲ್ಲಿ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ಅದಕ್ಕೇ ಪಳಗಿದವರು ಸೂಕ್ಷ್ಮದರ್ಶಕದ ಕೆಳಗೆ ಬೆನ್ನಿನ ಖಂಡಗಳನ್ನು ಒಂದೊಂದಾಗಿ ಎಣಿಸಿ, ಪುಸ್ತಕದಲ್ಲಿ ಗಂಟೆಯ ಜಾಗದಲ್ಲಿ '18 ಸೋಮೈಟ್' ಎಂದು ಬರೆಯುತ್ತಾರೆ.